ಪೆನ್‌ಡ್ರೈವ್‌ನಿಂದ ಕಾರ್ಯಾಚರಣಾ ವ್ಯವಸ್ಥೆಯ ಅಳವಡಿಕೆ ವಿಫಲವಾದಾಗ: ಗ್ರಾಮ ಪಂಚಾಯತಿ ಸದಸ್ಯರು ಅರಿತಿರಬೇಕಾದ ಸಂಗತಿಗಳು

(ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಗ್ರಾಮ ಪಂಚಾಯತಿ ಸದಸ್ಯರ ಸಭೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಾಠ)



ಗ್ರಾಮ ಪಂಚಾಯತಿಯ ಸಭೆಯಲ್ಲಿ ಗಣಕಯಂತ್ರದ ವಿಷಯವು ಚರ್ಚೆಗೆ ಬರುವುದು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಮಾತ್ರ: ಯಂತ್ರವು ನಿಂತುಹೋದಾಗ ಮತ್ತು ಅದರ ದುರಸ್ತಿಯ ಬಿಲ್ಲು ಮಂಜೂರಾತಿಗೆ ಬಂದಾಗ. ಆದರೆ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11, ಪಂಚತಂತ್ರದ ತೆರಿಗೆ ಲೆಕ್ಕ, ಉದ್ಯೋಗ ಖಾತರಿಯ ಹಾಜರಿ ಪಟ್ಟಿ ಇವೆಲ್ಲವೂ ಇಂದು ಕಚೇರಿಯ ಮೇಜಿನ ಮೇಲಿರುವ ಒಂದೆರಡು ಯಂತ್ರಗಳ ಮೂಲಕವೇ ಸಾಗಬೇಕಾಗಿದೆ. ಆ ಯಂತ್ರವು ಒಂದು ವಾರ ನಿಂತರೆ, ಬ್ಯಾಂಕಿನ ಸಾಲಕ್ಕಾಗಿ ನಮೂನೆ 9 ಕೇಳಿ ಬಂದವರು ಒಂದು ವಾರ ಬರಿಗೈಯಲ್ಲಿ ಹಿಂತಿರುಗುತ್ತಾರೆ. ಆದುದರಿಂದ ಇದು ಕೇವಲ ತಾಂತ್ರಿಕ ಸಿಬ್ಬಂದಿಯ ವಿಷಯವಲ್ಲ. ಆಡಳಿತದ ಹೊಣೆ ಹೊತ್ತ ತಮ್ಮೆಲ್ಲರ ವಿಷಯವೂ ಆಗಿದೆ.

ಈ ಮಾತನ್ನು ಈಗಲೇ ಎತ್ತಿಕೊಳ್ಳಲು ಕಾರಣವಿದೆ. 2015ರಲ್ಲಿ ಬಿಡುಗಡೆಯಾದ ವಿಂಡೋಸ್ 10 ಎಂಬ ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿದೆ. ಹಳೆಯ ಯಂತ್ರಗಳು ಆ ದಿನಕ್ಕೇ ನಿಂತುಬಿಡಲಿಲ್ಲ. ಆದರೆ ಭದ್ರತೆಯ ಹೊಸ ತಿದ್ದುಪಡಿಗಳು ಪ್ರತ್ಯೇಕ ವಿಸ್ತರಣಾ ಯೋಜನೆಗೆ ಸೇರಿದ ಯಂತ್ರಗಳಿಗಲ್ಲದೆ ಉಳಿದವುಗಳಿಗೆ ದೊರೆಯುವುದಿಲ್ಲ. ಆದ್ದರಿಂದ ಅನೇಕ ಕಚೇರಿಗಳಲ್ಲಿ ಪೆನ್‌ಡ್ರೈವ್ ಮೂಲಕ ಹೊಸ ವ್ಯವಸ್ಥೆಯನ್ನು ಅಳವಡಿಸುವ ಕಾರ್ಯ ನಡೆಯುತ್ತಿದೆ. ಅದು ಅರ್ಧದಲ್ಲಿ ನಿಂತ ಕೂಡಲೇ "ಯಂತ್ರ ಹೋಯಿತು, ಹೊಸದು ತರಬೇಕು" ಎಂಬ ಮಾತು ಕೇಳಿಬರುತ್ತದೆ.

ಹೊಲದ ಪಂಪ್‌ಸೆಟ್ ಓಡದಿದ್ದಾಗ ನಮ್ಮ ರೈತರು ಮೊದಲಿಗೇ ಮೋಟಾರನ್ನು ಮೇಲೆತ್ತುವುದಿಲ್ಲ. ಕರೆಂಟು ಇದೆಯೇ, ಮೂರೂ ಫೇಸ್ ಬರುತ್ತಿವೆಯೇ, ಫ್ಯೂಸ್ ಹೋಗಿದೆಯೇ, ಸ್ಟಾರ್ಟರ್ ಸರಿಯಿದೆಯೇ ಎಂದು ಕ್ರಮವಾಗಿ ನೋಡುತ್ತಾರೆ. ಕಡಿಮೆ ಖರ್ಚಿನ ಕಾರಣ ಮೊದಲು, ಹೆಚ್ಚಿನ ಖರ್ಚಿನದು ಕೊನೆಗೆ. ಗಣಕಯಂತ್ರಕ್ಕೂ ಇದೇ ಕ್ರಮ ಅನ್ವಯಿಸುತ್ತದೆ. ಅಳವಡಿಕೆ ವಿಫಲವಾಯಿತೆಂದ ಮಾತ್ರಕ್ಕೆ ಯಂತ್ರ ಕೆಟ್ಟಿದೆ ಎಂದು ತೀರ್ಮಾನಿಸಲಾಗದು. ಬಹಳ ಸಲ ದೋಷವಿರುವುದು ಪೆನ್‌ಡ್ರೈವ್‌ನಲ್ಲಿ, ಇಲ್ಲವೇ ಯಂತ್ರದ ಸೆಟ್ಟಿಂಗ್‌ನಲ್ಲಿ.

ಮೊದಲು ದಾಖಲೆ, ಆಮೇಲೆ ಅಳವಡಿಕೆ

ಇ-ಸ್ವತ್ತು ಮತ್ತು ಪಂಚತಂತ್ರದ ಮಾಹಿತಿಯು ಸರ್ಕಾರದ ಸರ್ವರ್‌ನಲ್ಲಿರುತ್ತದೆ. ಕಚೇರಿಯ ಯಂತ್ರ ಅಳಿಸಿಹೋದರೂ ಅದು ಅಳಿಯುವುದಿಲ್ಲ. ಆದರೆ ಗ್ರಾಮಸಭೆಯ ನಡವಳಿಗಳ ಸ್ಕ್ಯಾನ್ ಪ್ರತಿಗಳು, ಕಾಮಗಾರಿಗಳ ಭಾವಚಿತ್ರಗಳು, ಎಕ್ಸೆಲ್‌ನಲ್ಲಿ ಸಿದ್ಧಪಡಿಸಿದ ಬೇಡಿಕೆ ಪಟ್ಟಿಗಳು, ಇಲಾಖೆಗಳಿಗೆ ಬರೆದ ಪತ್ರಗಳು ಬಹುತೇಕ ಆ ಯಂತ್ರದಲ್ಲಿ ಮಾತ್ರ ಇರುತ್ತವೆ. ಅಳವಡಿಕೆಯ ನಡುವೆ "ಫಾರ್ಮ್ಯಾಟ್" ಅಥವಾ "ಡಿಲೀಟ್" ಎಂಬ ಗುಂಡಿಯನ್ನು ಒತ್ತಿದರೆ ಅವು ಹೋಗುತ್ತವೆ. ಅವುಗಳನ್ನು ಮರಳಿ ಪಡೆಯುವುದು ಕಷ್ಟ, ಕೆಲವೊಮ್ಮೆ ಅಸಾಧ್ಯ. ಮುಂದೆ ಲೆಕ್ಕಪರಿಶೋಧನೆಯಲ್ಲಿ ಕಡತ ಕೇಳಿದಾಗ "ಯಂತ್ರ ಕೆಟ್ಟಿತ್ತು" ಎಂಬ ಉತ್ತರ ಸಾಲದು.

ಯಂತ್ರವು ಆರಂಭವೇ ಆಗದ ಸ್ಥಿತಿಯಲ್ಲಿದ್ದರೂ ದಾಖಲೆಗಳನ್ನು ಉಳಿಸಲು ಮಾರ್ಗವಿದೆ. ಉಬುಂಟು ಮುಂತಾದ ಲಿನಕ್ಸ್ ವ್ಯವಸ್ಥೆಗಳನ್ನು ಹಾರ್ಡ್‌ಡಿಸ್ಕ್‌ಗೆ ಅಳವಡಿಸದೆಯೇ ನೇರವಾಗಿ ಪೆನ್‌ಡ್ರೈವ್‌ನಿಂದ ನಡೆಸಬಹುದು. ಹಾಗೆ ನಡೆಸಿ, ಒಳಗಿನ ಡಿಸ್ಕ್ ಆರೋಗ್ಯವಾಗಿದ್ದರೆ, ಕಡತಗಳನ್ನು ಬೇರೊಂದು ಡಿಸ್ಕ್‌ಗೆ ನಕಲು ಮಾಡಿಕೊಳ್ಳಬಹುದು. ಇದಕ್ಕೆ ಪರವಾನಗಿಯ ಶುಲ್ಕವಿಲ್ಲ.

ಇದರೊಡನೆ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಹೊಸ ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗವಿರಬಹುದು. ಅಂತಹ ಯಂತ್ರದ ಸೆಟ್ಟಿಂಗ್ ಬದಲಿಸಿದರೆ ಅದು 48 ಅಂಕಿಗಳ ಕೀಲಿಸಂಖ್ಯೆಯನ್ನು ಕೇಳುತ್ತದೆ. ಅದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಎರಡನೆಯದು, ಡಿಜಿಟಲ್ ಸಹಿಯ ಟೋಕನ್‌ನಲ್ಲಿರುವ ಕೀಲಿಯು ಟೋಕನ್‌ನಲ್ಲೇ ಉಳಿಯುತ್ತದೆ. ಆದರೆ ಅದನ್ನು ಗುರುತಿಸುವ ಡ್ರೈವರ್ ತಂತ್ರಾಂಶವನ್ನು ಹೊಸದಾಗಿ ಹಾಕಬೇಕಾಗುತ್ತದೆ. ಮೂರನೆಯದು, ಯೂನಿಕೋಡ್ ಅಲ್ಲದ ನುಡಿ ಅಕ್ಷರಗಳಲ್ಲಿ ಬೆರಳಚ್ಚಾದ ಹಳೆಯ ಪತ್ರಗಳು, ನುಡಿ ಫಾಂಟ್ ಇಲ್ಲದ ಹೊಸ ವ್ಯವಸ್ಥೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಕಡತ ಕೆಟ್ಟಿದೆ ಎಂದು ಭಾವಿಸಿ ಅವನ್ನು ಅಳಿಸಬಾರದು.

ಪೆನ್‌ಡ್ರೈವ್‌ನ ಪರೀಕ್ಷೆ

ಅಳವಡಿಕೆಯ ಕಡತವು ಐಎಸ್‌ಓ ಎಂಬ ಒಂದೇ ದೊಡ್ಡ ಕಡತವಾಗಿ ದೊರೆಯುತ್ತದೆ. ಅದನ್ನು ಬೇರೆ ಕಡತಗಳಂತೆ ಪೆನ್‌ಡ್ರೈವ್‌ಗೆ ನಕಲು ಮಾಡಿದರೆ ಸಾಮಾನ್ಯವಾಗಿ ಯಂತ್ರವು ಅದರಿಂದ ಆರಂಭವಾಗುವುದಿಲ್ಲ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಅಥವಾ ರೂಫಸ್‌ನಂತಹ ತಂತ್ರಾಂಶದಿಂದಲೇ ಅದನ್ನು ಸಿದ್ಧಪಡಿಸಬೇಕು. ಇದಕ್ಕೆ ಕನಿಷ್ಠ 8 ಜಿಬಿ ಸಾಮರ್ಥ್ಯದ ಪೆನ್‌ಡ್ರೈವ್ ಬೇಕು. ಅದರಲ್ಲಿ ಮೊದಲಿದ್ದ ಕಡತಗಳೆಲ್ಲ ಅಳಿಸಿಹೋಗುತ್ತವೆ.

ಕೈಯಿಂದ ನಕಲು ಮಾಡುವವರಿಗೆ ಇನ್ನೊಂದು ಅಡ್ಡಿ ಎದುರಾಗುತ್ತದೆ. ಯಂತ್ರಗಳು ಸುಲಭವಾಗಿ ಓದುವ ಫ್ಯಾಟ್32 ಎಂಬ ವಿನ್ಯಾಸದಲ್ಲಿ 4 ಜಿಬಿಯಷ್ಟು ಅಥವಾ ಅದಕ್ಕಿಂತ ದೊಡ್ಡದಾದ ಒಂದೇ ಕಡತವು ಹಿಡಿಸುವುದಿಲ್ಲ. ವಿಂಡೋಸ್‌ನ ಮುಖ್ಯ ಕಡತವು ಹಲವು ಬಾರಿ ಆ ಮಿತಿಯನ್ನು ಮೀರುತ್ತದೆ. ಆಗ ಪೆನ್‌ಡ್ರೈವ್‌ನಲ್ಲಿ ಜಾಗವಿದ್ದರೂ ನಕಲು ನಿಲ್ಲುತ್ತದೆ.

ಅಂತರ್ಜಾಲ ಸಂಪರ್ಕವು ನಡುವೆ ಕಡಿದುಹೋದರೆ ಐಎಸ್‌ಓ ಕಡತವು ಅಪೂರ್ಣವಾಗಿ ಇಳಿದಿರಬಹುದು. ಅಧಿಕೃತ ತಾಣದಲ್ಲಿ ಪ್ರಕಟಿಸಿದ ಎಸ್‌ಎಚ್‌ಎ-256 ಎಂಬ ತಾಳೆಸಂಖ್ಯೆಯೊಂದಿಗೆ ನಮ್ಮ ಕಡತದ ಸಂಖ್ಯೆಯನ್ನು ಹೋಲಿಸಿದರೆ ಇದು ತಿಳಿಯುತ್ತದೆ. ಬಿತ್ತುವ ಮೊದಲು ಬೀಜ ಪರೀಕ್ಷಿಸಿದಂತೆ ಇದು. ಕೆಲವೇ ನಿಮಿಷಗಳ ಕೆಲಸ. ಅಳವಡಿಕೆಯ ಮಧ್ಯದಲ್ಲಿ 0x80070570 ಅಥವಾ 0x8007025ಡಿ ಎಂಬ ಸಂಖ್ಯೆ ಕಾಣಿಸಿಕೊಂಡರೆ, ಕಡತವನ್ನು ಸರಿಯಾಗಿ ಓದಲಾಗುತ್ತಿಲ್ಲವೆಂದು ಅರ್ಥ. ಆಗ ಬೇರೆ ಪೆನ್‌ಡ್ರೈವ್, ಬೇರೆ ಯುಎಸ್‌ಬಿ ಕಿಂಡಿ, ಹೊಸದಾಗಿ ಇಳಿಸಿಕೊಂಡ ಕಡತ ಇವುಗಳನ್ನು ಒಂದಾದ ಮೇಲೊಂದರಂತೆ ಪ್ರಯತ್ನಿಸಬೇಕು. ಮೂರರಿಂದಲೂ ಫಲ ದೊರೆಯದಿದ್ದಾಗ ಮಾತ್ರ ರ‍್ಯಾಮ್ ಮತ್ತು ಹಾರ್ಡ್‌ಡಿಸ್ಕ್ ಪರೀಕ್ಷಿಸಬೇಕು.

ಯಂತ್ರದ ಸೆಟ್ಟಿಂಗ್

ಯಂತ್ರಕ್ಕೆ ಪೆನ್‌ಡ್ರೈವ್ ಕಾಣದಿದ್ದರೆ, ಆರಂಭದ ಕ್ರಮವನ್ನು ಅದಕ್ಕೆ ತಿಳಿಸಬೇಕಾಗುತ್ತದೆ. ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿ ಯಂತ್ರಗಳಲ್ಲಿ ಎಫ್9 ಕೀಲಿಯನ್ನು ಆರಂಭದಲ್ಲೇ ಒತ್ತಿದರೆ ಆಯ್ಕೆಯ ಪಟ್ಟಿ ತೆರೆದುಕೊಳ್ಳುತ್ತದೆ. ಹಳೆಯ ಯಂತ್ರವು ಪ್ರತಿ ಸಲವೂ ಸೆಟ್ಟಿಂಗ್ ಮರೆಯುತ್ತಿದ್ದರೆ, ದಿನಾಂಕವನ್ನೂ ತಪ್ಪಾಗಿ ತೋರಿಸುತ್ತಿದ್ದರೆ, ಒಳಗಿನ ನಾಣ್ಯದಂತಹ ಬ್ಯಾಟರಿ ಮುಗಿದಿರಬಹುದು. ಅಲ್ಪ ಬೆಲೆಯ ಆ ಬ್ಯಾಟರಿಯನ್ನು ಬದಲಿಸಿದರೆ ಸಾಕು. ದಿನಾಂಕ ತಪ್ಪಿದ್ದರೆ ಸರ್ಕಾರಿ ಜಾಲತಾಣಗಳು ತೆರೆಯುವುದರಲ್ಲೂ ಡಿಜಿಟಲ್ ಸಹಿಯಲ್ಲೂ ತೊಡಕಾಗುತ್ತದೆ ಎಂಬುದನ್ನು ಇಲ್ಲಿಯೇ ಹೇಳಬೇಕು.

ಅಳವಡಿಕೆ ಮುಗಿಯುವ ಮುನ್ನ ಯಂತ್ರವು ತಾನಾಗಿಯೇ ಮರು ಆರಂಭವಾಗುತ್ತದೆ. ಆಗ ಅದು ಮತ್ತೆ ಪೆನ್‌ಡ್ರೈವ್‌ನಿಂದಲೇ ಆರಂಭವಾಗಿ ಮೊದಲಿನ ಪರದೆಯನ್ನೇ ತೋರಿಸಬಹುದು. ನೋಡುವವರಿಗೆ ಇದು ವೈಫಲ್ಯವೆನಿಸಿದರೂ, ಮೊದಲ ಮರು ಆರಂಭದ ವೇಳೆಗೆ ಪೆನ್‌ಡ್ರೈವ್ ತೆಗೆದರೆ ಸಾಕಾಗುತ್ತದೆ.

"ದಿಸ್ ಪಿಸಿ ಕಾಂಟ್ ರನ್ ವಿಂಡೋಸ್ 11" ಎಂಬ ಸಂದೇಶಕ್ಕೆ, ಈ ಯಂತ್ರದಲ್ಲಿ ವಿಂಡೋಸ್ 11 ನಡೆಯದು ಎಂದು ಅರ್ಥ. ವಿಂಡೋಸ್ 11 ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸ್ಥಳ, ಸೆಕ್ಯೂರ್ ಬೂಟ್ ಸೌಲಭ್ಯ, ಟಿಪಿಎಂ 2.0 ಎಂಬ ಭದ್ರತಾ ಭಾಗ ಮತ್ತು ಒಪ್ಪಿತ ಪಟ್ಟಿಯಲ್ಲಿರುವ ಪ್ರೊಸೆಸರ್ ಇವುಗಳನ್ನು ಬಯಸುತ್ತದೆ. ಎಷ್ಟೋ ಯಂತ್ರಗಳಲ್ಲಿ ಟಿಪಿಎಂ ಇದ್ದೂ ಸೆಟ್ಟಿಂಗ್‌ನಲ್ಲಿ ಅದನ್ನು ಮುಚ್ಚಿಡಲಾಗಿರುತ್ತದೆ. ತೆರೆದರೆ ಕೆಲಸ ಮುಂದುವರಿಯುತ್ತದೆ. ಪ್ರೊಸೆಸರ್ ಹಳೆಯದಾಗಿದ್ದರೆ ಮಾತ್ರ ಹೊಸ ಯಂತ್ರದ ಪ್ರಶ್ನೆ ನಿಜವಾಗಿಯೂ ಬರುತ್ತದೆ. ತಪಾಸಣೆಯನ್ನು ತಪ್ಪಿಸಿ ಅಳವಡಿಸುವ ಉಪಾಯಗಳೂ ಚಾಲ್ತಿಯಲ್ಲಿವೆ. ಮೈಕ್ರೋಸಾಫ್ಟ್ ಅದನ್ನು ಬೆಂಬಲಿಸುವುದಿಲ್ಲವಾದ್ದರಿಂದ ಸಾರ್ವಜನಿಕ ಕಚೇರಿಗೆ ಅದು ತಕ್ಕುದಲ್ಲ.

ಡಿಸ್ಕ್ ಆಯ್ಕೆಯ ಪರದೆ: ಅತ್ಯಂತ ಎಚ್ಚರದ ಹಂತ

ಯಾವ ಡಿಸ್ಕ್‌ಗೆ ಅಳವಡಿಸಬೇಕೆಂದು ಕೇಳುವ ಪರದೆಯಲ್ಲಿ ಎರಡು ತೊಂದರೆಗಳು ಮರುಕಳಿಸುತ್ತವೆ.

ಒಂದು, ಪಟ್ಟಿಯಲ್ಲಿ ಯಾವ ಡಿಸ್ಕೂ ಕಾಣದಿರುವುದು. ಇತ್ತೀಚಿನ ಇಂಟೆಲ್ ಪ್ರೊಸೆಸರ್‌ಗಳ ಹಲವು ಯಂತ್ರಗಳಲ್ಲಿ, ಡಿಸ್ಕನ್ನು ಗುರುತಿಸಲು ಬೇಕಾದ ಡ್ರೈವರ್ ಪೆನ್‌ಡ್ರೈವ್‌ನಲ್ಲಿ ಇರುವುದಿಲ್ಲ. ಯಂತ್ರ ತಯಾರಕರ ತಾಣದಿಂದ ಆ ಡ್ರೈವರ್ ಇಳಿಸಿಕೊಂಡು "ಲೋಡ್ ಡ್ರೈವರ್" ಎಂಬಲ್ಲಿ ತೋರಿಸಿದರೆ ಡಿಸ್ಕ್ ಕಾಣುತ್ತದೆ. ಇದನ್ನು ನೋಡದೆ ಡಿಸ್ಕ್ ಸತ್ತಿದೆ ಎಂದು ಹೊಸ ಡಿಸ್ಕಿಗೆ ಹಣ ಮಂಜೂರು ಮಾಡುವುದು ಸರಿಯಲ್ಲ.

ಎರಡು, ಆಯ್ದ ಡಿಸ್ಕ್ ಎಂಬಿಆರ್ ವಿನ್ಯಾಸದಲ್ಲಿದೆ, ಜಿಪಿಟಿ ವಿನ್ಯಾಸ ಬೇಕು ಎಂಬ ಸಂದೇಶ. ಎಂಬಿಆರ್ ಎಂಬುದು ಡಿಸ್ಕನ್ನು ವಿಭಾಗಿಸುವ ಹಳೆಯ ಕ್ರಮ, ಜಿಪಿಟಿ ಹೊಸ ಕ್ರಮ. ಯೂಇಎಫ್‌ಐ ಎಂಬ ಹೊಸ ರೀತಿಯಲ್ಲಿ ಆರಂಭವಾದ ಯಂತ್ರದಲ್ಲಿ ವಿಂಡೋಸ್ ಜಿಪಿಟಿಯನ್ನೇ ಕೇಳುತ್ತದೆ. ಇಲ್ಲಿ ಅನೇಕರು ಅವಸರದಿಂದ ಎಲ್ಲ ವಿಭಾಗಗಳನ್ನೂ ಅಳಿಸಿಬಿಡುತ್ತಾರೆ. ಅಳವಡಿಕೆ ಸಾಧಿಸುತ್ತದೆ, ದಾಖಲೆ ಹೋಗುತ್ತದೆ. ಹಳೆಯ ವಿಂಡೋಸ್ 10 ಇನ್ನೂ ಉಳಿದಿದ್ದರೆ, ಮೈಕ್ರೋಸಾಫ್ಟ್‌ನದೇ ಆದ ಎಂಬಿಆರ್2ಜಿಪಿಟಿ ಎಂಬ ಸಾಧನದಿಂದ ಕಡತಗಳನ್ನು ಅಳಿಸದೆ ವಿನ್ಯಾಸ ಬದಲಿಸಲು ಅವಕಾಶವಿದೆ. ಆದರೂ ಪ್ರತಿಯೊಂದನ್ನು ತೆಗೆದಿಟ್ಟ ಮೇಲೆಯೇ ಅದಕ್ಕೆ ಕೈಹಾಕಬೇಕು.

ಈ ಎಲ್ಲ ಹಂತಗಳಲ್ಲೂ ವಿದ್ಯುತ್ ಹೋಗದಂತೆ ನೋಡಿಕೊಳ್ಳಬೇಕು. ಯುಪಿಎಸ್ ಬ್ಯಾಟರಿ ದುರ್ಬಲವಾಗಿರುವ ಕಚೇರಿಯಲ್ಲಿ ಮೊದಲು ಅದನ್ನು ಸರಿಪಡಿಸುವುದೇ ಲೇಸು.

ಹೊಸ ವಿಂಡೋಸ್ ಒಪ್ಪದ ಯಂತ್ರಗಳ ಗತಿ

ಅಂತಹ ಯಂತ್ರಗಳನ್ನು ಕೂಡಲೇ ಗುಜರಿಗೆ ಹಾಕಬೇಕಾಗಿಲ್ಲ. ಕೇರಳದ ಸರ್ಕಾರಿ ಶಾಲೆಗಳು ಅನೇಕ ವರ್ಷಗಳಿಂದ ಮುಕ್ತ ತಂತ್ರಾಂಶವಾದ ಲಿನಕ್ಸ್ ಬಳಸುತ್ತಿವೆ. ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯು ಬಾಸ್ ಎಂಬ ಲಿನಕ್ಸ್ ವ್ಯವಸ್ಥೆಯನ್ನು ರೂಪಿಸಿದೆ. ಗ್ರಂಥಾಲಯದ ಓದುಗರಿಗೆ, ಪತ್ರ ಬೆರಳಚ್ಚಿಗೆ ಹಳೆಯ ಯಂತ್ರವು ಹೀಗೆ ಇನ್ನೂ ಕೆಲ ಕಾಲ ಉಪಯೋಗಕ್ಕೆ ಬರಬಹುದು. ಆದರೆ ಡಿಜಿಟಲ್ ಸಹಿ ಬಳಸುವ ಮೇಜಿನಲ್ಲಿ, ಟೋಕನ್ ಮತ್ತು ಸರ್ಕಾರಿ ತಂತ್ರಾಂಶಗಳು ಅದರಲ್ಲಿ ನಡೆಯುತ್ತವೆಯೇ ಎಂದು ಪರೀಕ್ಷಿಸಿದ ನಂತರವೇ ಬದಲಾವಣೆ ಮಾಡತಕ್ಕದ್ದು.

ಸದಸ್ಯರು ಕೇಳಬೇಕಾದ ಐದು ಪ್ರಶ್ನೆಗಳು

ತಾವು ತಂತ್ರಜ್ಞರಾಗಬೇಕಾಗಿಲ್ಲ. ದುರಸ್ತಿಯ ಅಥವಾ ಖರೀದಿಯ ಪ್ರಸ್ತಾವವು ಸಭೆಗೆ ಬಂದಾಗ ಈ ಐದನ್ನು ಕೇಳಿದರೆ ಸಾಕು.

1. ಪರದೆಯ ಮೇಲೆ ಬಂದ ಸಂದೇಶವೇನು? ಅದರ ಭಾವಚಿತ್ರ ತೆಗೆದಿಟ್ಟಿದೆಯೇ?

2. ದಾಖಲೆಗಳ ಎರಡನೆಯ ಪ್ರತಿ ಎಲ್ಲಿದೆ? ಅದನ್ನು ತೆರೆದು ನೋಡಿದವರು ಯಾರು?

3. ಬೇರೆ ಪೆನ್‌ಡ್ರೈವ್ ಮತ್ತು ಬೇರೆ ಕಿಂಡಿಯಲ್ಲಿ ಪ್ರಯತ್ನಿಸಲಾಗಿದೆಯೇ? ಅದೇ ಪೆನ್‌ಡ್ರೈವ್ ಇನ್ನೊಂದು ಯಂತ್ರದಲ್ಲಿ ಆರಂಭವಾಗುತ್ತದೆಯೇ?

4. ಹಾರ್ಡ್‌ಡಿಸ್ಕ್ ಕಚೇರಿಯಿಂದ ಹೊರಗೆ ಹೋಗುತ್ತಿದೆಯೇ? ಅದರಲ್ಲಿ ಗ್ರಾಮಸ್ಥರ ಆಧಾರ್ ಪ್ರತಿಗಳು, ಬ್ಯಾಂಕ್ ಖಾತೆಯ ವಿವರಗಳು ಇರುತ್ತವೆ. ಹೋಗಲೇಬೇಕಾದರೆ ಸ್ವೀಕೃತಿ ಪತ್ರವಿದೆಯೇ?

5. ಅಳವಡಿಸುವ ತಂತ್ರಾಂಶಕ್ಕೆ ಪಂಚಾಯತಿಯ ಹೆಸರಿನಲ್ಲಿ ಪರವಾನಗಿ ಇದೆಯೇ? ಪರವಾನಗಿ ಇಲ್ಲದ ಪ್ರತಿಯು ಅಗ್ಗವೆನಿಸಬಹುದು. ಆದರೆ ಅದರೊಳಗೆ ಯಾರು ಏನು ಸೇರಿಸಿದ್ದಾರೆಂಬುದು ತಿಳಿಯದು. ಪಂಚಾಯತಿಯ ಡಿಜಿಟಲ್ ಸಹಿಯು ಬಳಕೆಯಾಗುವುದು ಅದೇ ಯಂತ್ರದಲ್ಲಿ.

ಇವುಗಳಿಗೆ ಉತ್ತರ ದೊರೆತ ಮೇಲೆಯೂ ಹೊಸ ಯಂತ್ರ ಅಗತ್ಯವೆಂದು ಕಂಡರೆ ಸಂಕೋಚವಿಲ್ಲದೆ ಮಂಜೂರು ಮಾಡಬಹುದು. ಉತ್ತರವಿಲ್ಲದಿದ್ದರೆ ಪ್ರಸ್ತಾವವನ್ನು ಮುಂದಿನ ಸಭೆಗೆ ಕಾಯ್ದಿರಿಸುವುದು ಉಚಿತ.

ಕೊನೆಯದಾಗಿ ಒಂದು ವಿನಂತಿ. ತಮ್ಮ ಮುಂದಿನ ಸಾಮಾನ್ಯ ಸಭೆಯಲ್ಲಿ ಒಂದು ಸಣ್ಣ ಠರಾವು ಮಾಡಬೇಕೆಂದು ಕೋರುತ್ತೇನೆ: ಕಚೇರಿಯ ದಾಖಲೆಗಳ ಪ್ರತಿಯನ್ನು ಪ್ರತಿ ತಿಂಗಳು ಪ್ರತ್ಯೇಕ ಹಾರ್ಡ್‌ಡಿಸ್ಕ್‌ಗೆ ತೆಗೆದು, ಬೀಗದ ಕಪಾಟಿನಲ್ಲಿರಿಸಿ, ದಿನಾಂಕವನ್ನು ವಹಿಯಲ್ಲಿ ನಮೂದಿಸಿ ಸಹಿ ಮಾಡತಕ್ಕದ್ದು. ಆ ವಹಿಯನ್ನು ಪ್ರತಿ ಸಭೆಯಲ್ಲಿ ಅಧ್ಯಕ್ಷರ ಮುಂದಿಡತಕ್ಕದ್ದು. ಈ ಒಂದು ಕ್ರಮವು ಪಾಲನೆಯಾದರೆ, ಅಳವಡಿಕೆ ಹತ್ತು ಸಲ ವಿಫಲವಾದರೂ ಹೋಗುವುದು ನಮ್ಮ ಒಂದೆರಡು ದಿನಗಳು ಮಾತ್ರ; ಊರಿನ ದಾಖಲೆ ಉಳಿಯುತ್ತದೆ.