ಕಳೆಯಿಂದ ಎದ್ದ ಆನೆಗಳು



2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಆನೆಗಳ ಹಿಂಡೊಂದು ನಿಂತಿತ್ತು. ನಿಜಗಾತ್ರದ ಸಲಗ, ತಾಯಾನೆ, ಮರಿಗಳ ಪ್ರತಿಮೆಗಳವು. ಪುಸ್ತಕದ ಚಿತ್ರದಲ್ಲಷ್ಟೇ ಆನೆಯನ್ನು ಕಂಡ ಮಗುವಿಗೆ ಅದರ ಎತ್ತರವನ್ನು ಕತ್ತೆತ್ತಿ ಅಳೆಯುವ ಅವಕಾಶ ಅಲ್ಲಿ ದೊರೆಯಿತು.

ಈ ಆನೆಗಳ ಮೈ ಕಲ್ಲಿನದಲ್ಲ, ಕಂಚಿನದಲ್ಲ. ಬೆಟ್ಟದ ಜನ ಶಪಿಸುವ ಲಂಟಾನದ ಕಡ್ಡಿಯದು. ನೀಲಗಿರಿಯ ಗೂಡಲೂರು ಸೀಮೆಯ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ ಮೊದಲಾದ ಸಮುದಾಯಗಳ ಕುಶಲಕರ್ಮಿಗಳು ಇವನ್ನು ನಿರ್ಮಿಸಿದವರು. ಕಡ್ಡಿಯನ್ನು ಕುದಿಸಿ ಮೆದುಗೊಳಿಸಿ, ತೊಗಟೆ ಸುಲಿದು, ಕಬ್ಬಿಣದ ಚೌಕಟ್ಟಿನ ಮೇಲೆ ಬಾಗಿಸಿ ಬಿಗಿಯುವುದು ಅವರ ವಿಧಾನ. ಆ ಸೀಮೆಯಲ್ಲಿ ಅಲೆಯುವ ನಿಜವಾದ ಆನೆಗಳೇ ಪ್ರತಿಮೆಗಳಿಗೆ ಮಾದರಿ. ಇಂತಹ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳನ್ನೂ, 2024ರಲ್ಲಿ ಅಮೆರಿಕವನ್ನೂ ತಲುಪಿದವು.

ಲಂಟಾನವೂ ಒಂದು ಕಾಲದಲ್ಲಿ ಉದ್ಯಾನದ ಅಲಂಕಾರವೇ ಆಗಿತ್ತು. ಉಷ್ಣವಲಯದ ಅಮೆರಿಕದ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕಾಗಿ ಭಾರತಕ್ಕೆ ತರಲಾಯಿತು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಕಾಡಿಗೆ ಒಯ್ದವು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಭಾರತದ ಹುಲಿ ನೆಲೆಯ ಅರಣ್ಯದಲ್ಲಿ ಶೇಕಡ 40ಕ್ಕೂ ಹೆಚ್ಚು ಭಾಗವನ್ನು, ಅಂದರೆ ಸುಮಾರು 1.5 ಲಕ್ಷ ಚದರ ಕಿಲೋಮೀಟರನ್ನು, ಅದು ಆವರಿಸಿದೆ. ಅದರ ಪೊದೆಯಡಿ ಹುಲ್ಲು ಬೆಳೆಯದು, ಮರದ ಸಸಿ ಏಳದು. ಎಲೆಯನ್ನು ಮೇಯ್ದ ದನಕರುಗಳ ಯಕೃತ್ತು ಕೆಡುತ್ತದೆ. ಮೇವು ಕಡಿಮೆಯಾದ ಕಾಡಿನ ಆನೆ ಬಾಳೆಯ ತೋಟದತ್ತ, ಭತ್ತದ ಗದ್ದೆಯತ್ತ ತಿರುಗಿದರೆ ಆಶ್ಚರ್ಯವೇನು? ಆನೆ ಊರಿಗಿಳಿಯಲು ಇದೊಂದೇ ಕಾರಣವಲ್ಲ. ಆದರೆ ಕಡೆಗಣಿಸಬಹುದಾದ ಕಾರಣವೂ ಅಲ್ಲ.

ಇಲ್ಲಿಯೇ ಎಚ್ಚರ ಬೇಕು. ಪ್ರತಿಮೆಗೆ ಬೇಕಾದುದು ಕಡ್ಡಿ. ಕಾಡಿಗೆ ಬೇಕಾದುದು ಬೇರಿನ ನಿರ್ಮೂಲನೆ. ಕಾಂಡವನ್ನಷ್ಟೇ ಕಡಿದರೆ ಬುಡದಿಂದ ಹತ್ತಾರು ಚಿಗುರು ಹೊಮ್ಮುತ್ತವೆ. ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಮತ್ತು ಅವರ ಸಂಗಡಿಗರು ರೂಪಿಸಿದ ವಿಧಾನದಂತೆ ತಾಯಿಬೇರನ್ನು ನೆಲಮಟ್ಟದಿಂದ ಕೆಲವು ಸೆಂಟಿಮೀಟರ್ ಕೆಳಗೆ ಕತ್ತರಿಸಿ, ಬುಡವನ್ನು ತಲೆಕೆಳಗಾಗಿಸಿ ಇಡಬೇಕು. ತೆರವಾದ ನೆಲದಲ್ಲಿ ಸ್ಥಳೀಯ ಹುಲ್ಲನ್ನು ಬೆಳೆಸಬೇಕು; ಮೊಳೆಯುವ ಬೀಜಸಸಿಗಳನ್ನು ಮುಂದಿನ ಮಳೆಗಾಲಗಳಲ್ಲಿಯೂ ಕೀಳಬೇಕು. ಇಲ್ಲವಾದರೆ ಕಲೆಯ ಹೆಸರಿನಲ್ಲಿ ಕಳೆಗೆ ಕೊಯಿಲು ಮಾಡಿದಂತಾದೀತು.

ನಗರದ ಮಗುವಿಗೆ ಆನೆ ಒಂದು ಅಕ್ಕರೆ. ಬೆಟ್ಟದ ಮಗುವಿಗೆ ಅದು ರಾತ್ರಿಯ ಭಯವೂ ಹೌದು. ಈ ಎರಡನ್ನೂ ಬಲ್ಲವರ ಕೈಗಳೇ ಆ ಪ್ರತಿಮೆಗಳನ್ನು ಹೆಣೆದಿವೆ ಎಂಬುದೇ ಅವುಗಳ ಹಿರಿಮೆ. ವಿದ್ಯಾರ್ಥಿಗಳು ತಮ್ಮ ಶಾಲೆಯ ಅಂಗಳದಲ್ಲಿ ಇಂತಹದೊಂದು ಮರಿಯಾನೆಯನ್ನು ಕಟ್ಟಲಿ. ಆದರೆ ಅದಕ್ಕೆ ಕಡ್ಡಿ ಕೊಟ್ಟ ಜಾಗದಲ್ಲಿ ಮರುವರ್ಷ ಹುಲ್ಲು ಬಂದಿದೆಯೇ ಎಂದು ಹೋಗಿ ನೋಡುವುದನ್ನು ಮರೆಯದಿರಲಿ.