ತಂಡದ ಆಟ, ಹೆತ್ತವರ ಹೆಮ್ಮೆ

(ಸಂಘದ ವಾರ್ಷಿಕೋತ್ಸವದ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ಭಾಷಣಕಾರನಲ್ಲ. ಈ ಸಭಾಗೃಹದಲ್ಲಿ ನನ್ನ ಕೆಲಸ ಬಹುಮಟ್ಟಿಗೆ ಕುರ್ಚಿ ಜೋಡಿಸುವುದು, ಊಟದ ಪಂಕ್ತಿ ನೋಡಿಕೊಳ್ಳುವುದು. ನಮ್ಮ ಪುರಸ್ಕಾರದ ಪಟ್ಟಿಯಲ್ಲಿ ಈ ವರ್ಷ ಮೊದಲ ಸಲ ಕ್ರೀಡೆಗೂ ಸ್ಥಾನ ದೊರೆತು, ಆ ಸ್ಥಾನದಲ್ಲಿ ನನ್ನ ಮಗಳ ಹೆಸರು ಬಂದುದರಿಂದ ಮಾತನಾಡುವ ಹೊಣೆ ನನ್ನ ಮೇಲೆ ಬಿದ್ದಿದೆ. ಹೆಮ್ಮೆಯಾಗಿರಬೇಕಲ್ಲವೇ ಎಂದು ಒಳಬರುವಾಗಲೇ ಹಲವರು ಕೇಳಿದರು. ಆಗಿದೆ, ಹುಸಿ ವಿನಯವೇಕೆ? ಆದರೆ ಆ ಹೆಮ್ಮೆಯಲ್ಲಿ ನನ್ನ ಪಾಲೆಷ್ಟು, ಅವಳ ಪಾಲೆಷ್ಟು, ಇತರರ ಪಾಲೆಷ್ಟು ಎಂಬ ಲೆಕ್ಕ ನನಗಿನ್ನೂ ಬಗೆಹರಿದಿಲ್ಲ. ಆ ಲೆಕ್ಕವನ್ನೇ ನಿಮ್ಮ ಮುಂದಿಡುತ್ತೇನೆ.

ಕುಂದಾಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ನಾನು ಮುಂಬಯಿಗೆ ಬಂದದ್ದು 1983ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ. ಹಗಲು ಹೋಟೆಲಿನಲ್ಲಿ ಮೇಜು ಒರೆಸುವುದು, ಲೋಟ ತೊಳೆಯುವುದು. ಹೊತ್ತು ಮುಳುಗಿದ ಮೇಲೆ ಕನ್ನಡ ರಾತ್ರಿ ಶಾಲೆ. ಇಲ್ಲಿ ಕುಳಿತಿರುವ ನನ್ನ ಓರಗೆಯವರಲ್ಲಿ ಅನೇಕರ ಕಥೆ ಇದೇ. ಊರಿನಲ್ಲಿ ಕೊಯ್ಲಾದ ಗದ್ದೆಗಳಲ್ಲಿ ಕತ್ತಲಾಗುವವರೆಗೆ ಕಬಡ್ಡಿ ಆಡುತ್ತಿದ್ದ ನಮಗೆ, ಈ ನಗರದಲ್ಲಿ ಸಂಜೆ ಎಂಬ ಹೊತ್ತೇ ಇಲ್ಲವಾಯಿತು. ಅದೇ ಆಟವನ್ನು ಮಹಾರಾಷ್ಟ್ರದವರು ಹುತುತು ಎಂದು ಕರೆಯುತ್ತಿದ್ದರೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಮಗಿದ್ದ ಏಕೈಕ ಏಣಿ ಪರೀಕ್ಷೆ. ಆದುದರಿಂದ ನಮಗೆ ಮಕ್ಕಳಾದಾಗ ಅವರನ್ನು ಅಂಕಗಳಿಂದ ಅಳೆಯತೊಡಗಿದೆವು. ಅಂಕಪಟ್ಟಿಯಲ್ಲಿ ಒಂದು ಅನುಕೂಲವಿದೆ: ಅದರಲ್ಲಿ ಒಂದೇ ಹೆಸರಿರುತ್ತದೆ. ಹೆಮ್ಮೆಯನ್ನು ಯಾರೊಂದಿಗೂ ಹಂಚಿಕೊಳ್ಳಬೇಕಾಗಿಲ್ಲ.

ನನ್ನ ಮಗಳು ಐದನೆಯ ತರಗತಿಯಲ್ಲಿ ಖೋಖೋ ಹಿಡಿದಳು, ಏಳನೆಯದರಲ್ಲಿ ಕಬಡ್ಡಿ, ಎಂಟನೆಯದರಲ್ಲಿ ಫುಟ್‌ಬಾಲ್ ತಂಡದ ಗೋಲಿ. ಒಂದು ಓಡುವ ಆಟ, ಒಂದು ಹಿಡಿಯುವ ಆಟ, ಒಂದು ಕಾದು ನಿಲ್ಲುವ ಆಟ. ಭಾಂಡುಪಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಮೂರು ಬಗೆಯ ಬೂಟುಗಳು ಬಾಗಿಲಿಗೆ ಅಡ್ಡವಾದವು. ಬಂದವರೆಲ್ಲ ಒಂದೇ ಬುದ್ಧಿ ಹೇಳಿದರು: ಯಾವುದಾದರೂ ಒಂದನ್ನು ಆರಿಸಿಕೊಳ್ಳಲಿ. ನಾನೂ ಅದನ್ನೇ ಹೇಳಿದೆ.

ಆರಿಸಿಕೊಳ್ಳುವುದರ ಬೆಲೆಯನ್ನು ಮದರಾಸಿನ ಎಂ.ಜೆ. ಗೋಪಾಲನ್ ಅವರಷ್ಟು ತೆತ್ತವರು ವಿರಳ. 1934ರ ನವೆಂಬರ್ 4ರಂದು ಚೆಪಾಕ್ ಮೈದಾನದಲ್ಲಿ ರಣಜಿ ಪಂದ್ಯಾವಳಿಯ ಮೊತ್ತಮೊದಲ ಚೆಂಡನ್ನು ಎಸೆದವರು ಅವರು. ಎದುರಿಗಿದ್ದುದು ನಮ್ಮ ಮೈಸೂರು ತಂಡ. ಆ ಪಂದ್ಯ ಒಂದೇ ದಿನದಲ್ಲಿ ಮುಗಿದು ನಾವು ಸೋತೆವೆಂಬುದನ್ನು ಮೆಲ್ಲಗೆ ಹೇಳುತ್ತೇನೆ. ಗೋಪಾಲನ್ ಹಾಕಿಯಲ್ಲಿಯೂ ಅಷ್ಟೇ ಸಮರ್ಥರು, 1935ರಲ್ಲಿ ಭಾರತದ ಪರವಾಗಿ ನ್ಯೂಜಿಲೆಂಡಿಗೆ ಹೋಗಿ ಆಡಿ ಬಂದವರು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸಿನ ಹಾಕಿಯೋ ಇಂಗ್ಲೆಂಡಿನ ಕ್ರಿಕೆಟ್ ಪ್ರವಾಸವೋ ಎಂಬ ಪ್ರಶ್ನೆ ಬಂದಾಗ ಅವರು ಕ್ರಿಕೆಟನ್ನು ಆರಿಸಿಕೊಂಡರು. ಹಾಕಿ ತಂಡ ಚಿನ್ನ ಗೆದ್ದಿತು. ಇಂಗ್ಲೆಂಡಿನಲ್ಲಿ ಅವರಿಗೆ ಒಂದು ಟೆಸ್ಟ್ ಪಂದ್ಯವೂ ಸಿಗಲಿಲ್ಲ.

ಈಗಿನ ಕಾಲದ ಉದಾಹರಣೆ ಬೇಕಾದರೆ ನಮ್ಮ ಭಾಂಡುಪಿನಲ್ಲಿಯೇ ಹುಟ್ಟಿದ, ಮಂಗಳೂರು ಮೂಲದ ಕ್ರೈಸ್ತ ಮನೆತನದ ಜೆಮಿಮಾ ರಾಡ್ರಿಗಸ್ ಇದ್ದಾರೆ. ಮೊದಲು ಮಹಾರಾಷ್ಟ್ರದ ಕಿರಿಯರ ಹಾಕಿ ತಂಡದಲ್ಲಿಯೂ ಆಡಿದವರು, ಆಮೇಲೆ ಕ್ರಿಕೆಟಿನಲ್ಲಿ ನಿಂತರು. 2022ರ ವಿಶ್ವಕಪ್ಪಿಗೆ ಅವರನ್ನು ಆಯ್ದಿರಲಿಲ್ಲ. 2025ರ ಅಕ್ಟೋಬರ್ 30ರಂದು ನವಿ ಮುಂಬಯಿಯಲ್ಲಿ ನಡೆದ ವಿಶ್ವಕಪ್ಪಿನ ಉಪಾಂತ್ಯದಲ್ಲಿ ಆಸ್ಟ್ರೇಲಿಯದ ವಿರುದ್ಧ ಔಟಾಗದೆ 127 ಓಟ ಗಳಿಸಿ ಭಾರತವನ್ನು ಗೆಲ್ಲಿಸಿದರು. ಆಟ ಮುಗಿದ ಮೇಲೆ ತಂದೆಮಗಳು ಅಪ್ಪಿಕೊಂಡುದನ್ನು ನಾವೆಲ್ಲ ಟಿ.ವಿ.ಯಲ್ಲಿ ಕಂಡೆವು. ನಾನು ಅತ್ತೆ. ಮಗಳು ಪಕ್ಕದಲ್ಲಿ ಕುಳಿತು, "ಅಪ್ಪ, ಆ ಕಡೆ ಹರ್ಮನ್‌ಪ್ರೀತ್ 89 ಹೊಡೆದಿದ್ದಾಳೆ, ಅದನ್ನೂ ನೋಡಿ" ಎಂದಳು. ಅವಳು ಪಂದ್ಯ ನೋಡುವ ರೀತಿಯೇ ಹಾಗೆ.

ಇನ್ನು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಅವಳು ಹತ್ತನೆಯ ತರಗತಿಗೆ ಬಂದಾಗ ಮೂರು ಜೊತೆ ಬೂಟುಗಳನ್ನೂ ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟೆ. ಅವಳು ಎದುರು ಮಾತನಾಡಲಿಲ್ಲ. ನಾಲ್ಕನೆಯ ದಿನ ಸಂಜೆ ಬಾಗಿಲು ತೆರೆದರೆ ಮೆಟ್ಟಿಲ ತುಂಬ ಹುಡುಗಿಯರು. ಒಬ್ಬಳ ಮನೆಮಾತು ಮರಾಠಿ, ಒಬ್ಬಳದು ಗುಜರಾತಿ, ಇಬ್ಬರದು ಉರ್ದು, ಒಬ್ಬಳು ತಮಿಳಿನವಳು. ಮುಂದೆ ನಿಂತವಳು ಮರಾಠಿಯಲ್ಲಿ ಹೇಳಿದಳು: "ಕಾಕಾ, ಎಂಟು ಜನ ಕೂತರೆ ಓಡುವವರು ಯಾರು?"

ಖೋಖೋ ಬಲ್ಲವರಿಗೆ ಈ ಮಾತಿನ ತೂಕ ತಿಳಿದೀತು. ಅಟ್ಟುವ ತಂಡದ ಎಂಟು ಮಂದಿ ಎರಡು ಕಂಬಗಳ ನಡುವೆ, ಒಬ್ಬರು ಈ ಕಡೆಗೆ ಒಬ್ಬರು ಆ ಕಡೆಗೆ ಮುಖ ಮಾಡಿ, ಸಾಲಾಗಿ ಕುಳಿತಿರುತ್ತಾರೆ. ಎದ್ದು ಓಡುವವರು ಒಂಬತ್ತನೆಯವರೊಬ್ಬರೇ. ಅವರು ನಡುವಿನ ಸಾಲನ್ನು ದಾಟುವಂತಿಲ್ಲ, ಹಿಡಿದ ದಿಕ್ಕನ್ನು ಕಂಬ ಮುಟ್ಟುವವರೆಗೆ ಬದಲಿಸುವಂತಿಲ್ಲ. ಎದುರಾಳಿ ಕೈಗೆಟುಕುವಷ್ಟು ಹತ್ತಿರವಿದ್ದರೂ ಆಚೆ ಬದಿಗೆ ಜಾರಿದಳೆಂದರೆ, ಕುಳಿತವಳ ಬೆನ್ನು ಮುಟ್ಟಿ ಖೋ ಎಂದು ಕೂಗಿ, ತಾನು ಆ ಜಾಗದಲ್ಲಿ ಕುಳಿತುಬಿಡಬೇಕು. ಬೆನ್ನಟ್ಟಿ ದಣಿದವಳೊಬ್ಬಳು, ಹಿಡಿಯುವವಳು ಇನ್ನೊಬ್ಬಳು; ಲೆಕ್ಕದ ಪುಸ್ತಕದಲ್ಲಿ ಹೆಸರು ಹಿಡಿದವಳದು. ಕಬಡ್ಡಿಯಲ್ಲಿಯಾದರೂ ಹಾಗೆಯೇ. ಔಟಾಗಿ ಹೊರಗೆ ಕುಳಿತವಳು ತನ್ನ ಶಕ್ತಿಯಿಂದ ಒಳಗೆ ಬರಲಾರಳು. ಜೊತೆಗಾತಿ ಎದುರಾಳಿಯನ್ನು ಔಟು ಮಾಡಿದಾಗಲಷ್ಟೇ ಆಕೆಗೆ ಮರುಜೀವ. ಇಂಥ ಆಟದಲ್ಲಿ ಬೆಳೆದ ಮಗುವಿನ ಗೆಲುವನ್ನು ನಾನು ಹೇಗೆ ನನ್ನದೆಂದು ಮನೆಗೆ ಹೊತ್ತು ತರಲಿ? ಆ ಸಂಜೆಯೇ ಬೂಟುಗಳನ್ನು ಇಳಿಸಿಕೊಟ್ಟೆ. ಅಂಕಗಳು ನಾನು ಬಯಸಿದಷ್ಟು ಬರಲಿಲ್ಲ, ಹೆದರಿದಷ್ಟು ಕಡಿಮೆಯೂ ಆಗಲಿಲ್ಲ.

ಹೊರನಾಡಿನಲ್ಲಿರುವ ನಮಗೇ ವಿಶೇಷವಾದ ಇಕ್ಕಟ್ಟೊಂದನ್ನು ಹೇಳುತ್ತೇನೆ. ಕಳೆದ ವರ್ಷ ಕಿರಿಯರ ರಾಷ್ಟ್ರೀಯ ಖೋಖೋ ಪಂದ್ಯಗಳಿಗೆ ಅವಳು ಮಹಾರಾಷ್ಟ್ರ ತಂಡದಲ್ಲಿ ಆಯ್ಕೆಯಾದಳು. ನಾನೂ ರಜೆ ಹಾಕಿ ಹೋದೆ. ಎರಡನೆಯ ದಿನ ಎದುರಾದ ತಂಡ ಕರ್ನಾಟಕ. ರಾಜ್ಯೋತ್ಸವದ ದಿನ ಇದೇ ವೇದಿಕೆಯಲ್ಲಿ ನಾಡಗೀತೆಗೆ ಎದ್ದು ನಿಲ್ಲುವವನು ನಾನು. ಅಂದು ಯಾವ ಬದಿಯಲ್ಲಿ ಕುಳಿತುಕೊಳ್ಳಬೇಕೆಂದು ತಿಳಿಯದೆ ಕಂಬದ ನೇರಕ್ಕೆ, ಮಧ್ಯದಲ್ಲಿ, ನಿಂತೇ ಇದ್ದೆ.

ಮಗಳು ಓಡುವ ಸರದಿ. ಕರ್ನಾಟಕದ ತರಬೇತುದಾರರು ಬದಿಯಲ್ಲಿ ನಿಂತು ಅಚ್ಚ ಕನ್ನಡದಲ್ಲಿ ಕೂಗುತ್ತಿದ್ದರು: "ಆರಕ್ಕೆ ಕೊಡು! ಕಂಬಕ್ಕೆ ಬಿಡಬೇಡ!" ಮೈದಾನದಲ್ಲಿದ್ದ ಮಹಾರಾಷ್ಟ್ರದ ಹುಡುಗಿಯರಲ್ಲಿ ಆ ಮಾತು ಅರ್ಥವಾಗುತ್ತಿದ್ದುದು ಒಬ್ಬಳಿಗೆ ಮಾತ್ರ. ಆರನೆಯವಳು ಏಳುವ ಮೊದಲೇ ಇವಳು ಆಚೆ ಬದಿಯಲ್ಲಿರುತ್ತಿದ್ದಳು. ಎರಡು ನಿಮಿಷ ದಾಟಿದರೂ ಸಿಗಲಿಲ್ಲ. ಮನೆಯಲ್ಲಿ ಕನ್ನಡವನ್ನೇ ಆಡಬೇಕೆಂದು ಹದಿನೇಳು ವರ್ಷ ನಾನು ಹಿಡಿದ ಹಠ ಹೀಗೆ ಫಲಿಸಿತು, ತವರು ನಾಡಿನ ವಿರುದ್ಧ! ಚಪ್ಪಾಳೆಗೆಂದು ಎತ್ತಿದ ಕೈ ಅರ್ಧದಲ್ಲಿಯೇ ನಿಂತಿತು.

ಪಂದ್ಯ ಮುಗಿದ ಮೇಲೆ ಅವಳೇ ಹೋಗಿ ಕರ್ನಾಟಕದ ಹುಡುಗಿಯರಿಗೆ, "ನಿಮ್ಮ ಸರ್ ಹೇಳಿದ್ದೆಲ್ಲ ನನಗೆ ಗೊತ್ತಾಗ್ತಿತ್ತು" ಎಂದು ಹೇಳಿಬಿಟ್ಟಳು. ಅವರು ಮೊದಲು ಬೆರಗಾಗಿ, ಆಮೇಲೆ ನಕ್ಕು, "ಹಾಗಾದ್ರೆ ನೀನು ನಮ್ಮ ಕಡೆಯವಳೇ ಅಲ್ವಾ?" ಎಂದರು. "ಹೌದು. ಆದ್ರೆ ನಮ್ಮ ಟೀಮು ಅಲ್ಲಿದೆ" ಎಂದು ಇವಳು ಹಿಂದಕ್ಕೆ ಕೈ ತೋರಿಸಿದಳು. ಈ ನಗರದಲ್ಲಿ ನಲವತ್ತು ವರ್ಷ ಕಳೆದರೂ ನನಗೆ ಅಷ್ಟು ನಿರಾಳವಾಗಿ ಹೇಳಲು ಬಾರದ ಮಾತು ಅದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದಾಗ, ಗೆದ್ದ ಭಾರತದ ಮಹಿಳಾ ತಂಡಕ್ಕೆ ಮಹಾರಾಷ್ಟ್ರದ ಪ್ರಿಯಾಂಕಾ ಇಂಗಳೆ ನಾಯಕಿ. ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಅದೇ ತಂಡದ ಆಟಗಾರ್ತಿ. ಮಗಳ ಓದುವ ಮೇಜಿನ ಮೇಲೆ ಇಬ್ಬರ ಚಿತ್ರಗಳೂ ಇವೆ.

ಕೊನೆಯದಾಗಿ ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ಪ್ರತಿಭಾ ಪುರಸ್ಕಾರ ಕನ್ನಡಿಗರ ಮಕ್ಕಳಿಗೆ ಮಾತ್ರ ಎಂದು ನಮ್ಮ ನಿಯಮಾವಳಿಯಲ್ಲಿದೆ. ಆ ನಿಯಮಕ್ಕೆ ಕೈಯೆತ್ತಿದವರಲ್ಲಿ ನಾನೂ ಒಬ್ಬ, ಅದನ್ನು ಮುರಿಯಿರಿ ಎನ್ನುತ್ತಿಲ್ಲ. ಬೆಳ್ಳಿಯ ಫಲಕವನ್ನು ಅವಳಿಗೇ ಕೊಡಿ. ಆದರೆ ಸಭಾಗೃಹದ ಕೊನೆಯ ಸಾಲಿನಲ್ಲಿ ಅವಳ ಖೋಖೋ ತಂಡದ ಹನ್ನೊಂದು ಹುಡುಗಿಯರು ಕುಳಿತಿದ್ದಾರೆ. ನಾನಾಡಿದ್ದು ಅವರಿಗೆ ಅರ್ಥವಾಗಿಲ್ಲ. ಮಗಳು ಮರಾಠಿಯಲ್ಲಿ ಪಿಸುಗುಟ್ಟುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ. ಅವಳ ಹೆಸರು ಕರೆದಾಗ ಅವರನ್ನೂ ವೇದಿಕೆಗೆ ಕರೆಯಿರಿ, ಫೋಟೋದಲ್ಲಿ ಹನ್ನೆರಡು ಮಂದಿಯೂ ಇರಲಿ. ಊಟಕ್ಕೆ ಅವರ ಲೆಕ್ಕವನ್ನು ನಾನು ಬೆಳಿಗ್ಗೆಯೇ ಅಡುಗೆಯವರಿಗೆ ಹೇಳಿಟ್ಟಿದ್ದೇನೆ.