ಪೇಟಿಯ ಮುಂದೆ ಕುಳಿತವರು



ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ನಾಟಕ ಕಂಡವರಿಗೆ ಪೇಟಿ ಮಾಸ್ತರರ ಪರಿಚಯ ಇದ್ದೇ ಇರುತ್ತದೆ. ತೊಗರಿಯ ರಾಶಿ ಮುಗಿದ ಮೇಲೆ ಊರ ಹುಡುಗರನ್ನು ಕೂಡಿಸಿ, ಮಾತು ಕಲಿಸಿ, ಹಾಡು ತಿದ್ದಿ, ಯಾರಿಗೆ ಯಾವ ಪಾತ್ರ ಒಗ್ಗುವುದೆಂದು ಅಳೆದು ಕೊಡುವವರು ಅವರು. ಆಟದ ರಾತ್ರಿ ಅವರಿಗೆ ಬಣ್ಣವಿಲ್ಲ, ಕಿರೀಟವಿಲ್ಲ. ರಂಗದ ಮಗ್ಗುಲಲ್ಲಿ ಪೇಟಿಯ ಮುಂದೆ ಕುಳಿತಿರುತ್ತಾರೆ. ಚಪ್ಪಾಳೆ ಭೀಮನ ಪಾತ್ರದವನಿಗೆ. ಮಾತು ತಪ್ಪಿದರೆ ಬೈಗುಳ ಮಾಸ್ತರರಿಗೆ. ಕ್ರಿಕೆಟ್ ತಂಡದ ತರಬೇತುದಾರರ ಸ್ಥಿತಿಯೂ ಇಂಥದೇ. ಅವರಲ್ಲಿ ನಾನು ಬಹುವಾಗಿ ಮೆಚ್ಚಿದ ರಾಹುಲ್ ದ್ರಾವಿಡರನ್ನು ಕುರಿತು ಇಂದು ನಾಲ್ಕು ಮಾತು.

ದ್ರಾವಿಡರ ಬ್ಯಾಟಿನ ಕಥೆ ಎಲ್ಲರೂ ಬಲ್ಲದ್ದು. ನಾನು ಹೇಳಹೊರಟಿರುವುದು ಬ್ಯಾಟು ಕೆಳಗಿಟ್ಟ ಮೇಲಿನ ದ್ರಾವಿಡರನ್ನು. ಅವರ ಕೈಕೆಳಗೆ ಪಳಗಿದ ಹತ್ತೊಂಬತ್ತರೊಳಗಿನವರ ತಂಡ 2016ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಸೋತಿತು. 2018ರಲ್ಲಿ ಆಸ್ಟ್ರೇಲಿಯವನ್ನು ಎಂಟು ವಿಕೆಟ್ಟುಗಳಿಂದ ಸೋಲಿಸಿ ಕಪ್ಪು ತಂದಿತು. ಕ್ರಿಕೆಟ್ ಮಂಡಳಿಯು ದ್ರಾವಿಡರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಬಹುಮಾನ ಸಾರಿತು. ದುಡಿಮೆ ಎಲ್ಲರದಾಗಿರುವಾಗ ಈ ಭೇದವೇಕೆಂದು ಅವರು ಕೇಳಿದರು. ಕೊನೆಗೆ ಅವರಿಗೂ ಸಿಬ್ಬಂದಿಗೂ 25 ಲಕ್ಷವೇ ಆಯಿತು. ತನ್ನ ಪಾಲಿನ ಅರ್ಧವನ್ನು ಬಿಟ್ಟುಕೊಟ್ಟು ಸಮತೆ ಗಳಿಸುವ ಮನುಷ್ಯ ಅಪರೂಪ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಇನ್ನೊಂದು ನಿಯಮ. ಭಾರತ ‘ಎ’ ತಂಡದೊಂದಿಗೆ ಪ್ರವಾಸ ಹೋದ ಯಾವ ಹುಡುಗನೂ ಒಂದು ಪಂದ್ಯವನ್ನಾದರೂ ಆಡದೆ ಮರಳಕೂಡದು. ಕಿರಿಯನಾಗಿದ್ದಾಗ ತಾವೇ ಹಾಗೆ ಆಡದೆ ಮರಳಿದ ನೋವನ್ನು ಅವರು ಮರೆತಿರಲಿಲ್ಲ.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಬಹಳ ವರ್ಷಗಳ ಹಿಂದೆ, ಅಫಜಲಪುರದ ಕಡೆ ಶಿಕ್ಷಕನಾಗಿದ್ದಾಗ, ಹುಡುಗರ ತಂಡವೊಂದನ್ನು ಜೇವರ್ಗಿಯ ಪಂದ್ಯಾವಳಿಗೆ ಕರೆದೊಯ್ದಿದ್ದೆ. ಹನ್ನೆರಡನೆಯ ಹುಡುಗ ಮೂರು ದಿನವೂ ನೀರಿನ ಬಿಂದಿಗೆ ಹೊತ್ತ. ಅವನ ಬಿಳಿ ಅಂಗಿಗೆ ಮೈದಾನದ ಕರಿಮಣ್ಣು ಸೋಕಲೇ ಇಲ್ಲ. ಅಂತಿಮ ಪಂದ್ಯದಲ್ಲಿ ಗೆಲುವು ಖಚಿತವಾದ ಮೇಲೂ ನಾನು ಅವನನ್ನು ಇಳಿಸಲಿಲ್ಲ. ಹಿಂದಿರುಗುವಾಗ ಬಸ್ಸು ಭೀಮಾ ನದಿಯ ಸೇತುವೆ ದಾಟುತ್ತಿತ್ತು, ಉಳಿದವರೆಲ್ಲ ಹಾಡುತ್ತಿದ್ದರು. ಅವನು ನನ್ನ ಬಳಿ ಬಂದು ಮೆಲ್ಲಗೆ ಕೇಳಿದ: “ನಾ ಬರದಿದ್ರೂ ನಡೀತಿತ್ತಲ್ರಿ ಸರ?”

ನಾನು ನಕ್ಕು, ಅವನ ಬೆನ್ನು ತಟ್ಟಿದೆ. ಉತ್ತರ ಕೊಡಲಿಲ್ಲ.

ಎಲ್ಲರನ್ನೂ ಆಡಿಸುತ್ತ ಕುಳಿತರೆ ಗೆಲ್ಲುವುದೆಂತು ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ದ್ರಾವಿಡರು ಹಿರಿಯರ ತಂಡದ ಮುಖ್ಯ ತರಬೇತುದಾರರಾಗಿದ್ದ 2024ರ ಟಿ-20 ವಿಶ್ವಕಪ್ಪಿನಲ್ಲಿ ಸಂಜು ಸ್ಯಾಮ್ಸನ್, ಯಶಸ್ವಿ ಜೈಸ್ವಾಲ್, ಯಜುವೇಂದ್ರ ಚಹಲ್ ಒಂದು ಪಂದ್ಯವನ್ನೂ ಆಡಲಿಲ್ಲ. ಅಲ್ಲಿ ಗೆಲುವೇ ಕೆಲಸ. ಕಲಿಯುವ ತಂಡವೇ ಬೇರೆ, ಗೆಲ್ಲಬೇಕಾದ ತಂಡವೇ ಬೇರೆ. ಈ ಅಂತರವನ್ನು ಅರಿತದ್ದೇ ಅವರ ಹಿರಿಮೆ. ಮಕ್ಕಳ ಆಟವನ್ನು ವಿಶ್ವಕಪ್ಪೆಂದು ಭ್ರಮಿಸಿದ್ದು ನನ್ನ ತಪ್ಪು.

2007ರಲ್ಲಿ ನಾಯಕರಾಗಿದ್ದ ದ್ರಾವಿಡರು ವೆಸ್ಟ್ ಇಂಡೀಸಿನ ವಿಶ್ವಕಪ್ಪಿನಿಂದ ಮೊದಲ ಸುತ್ತಿನಲ್ಲಿಯೇ ಮರಳಿದ್ದರು. 2023ರ ನವೆಂಬರಿನಲ್ಲಿ ಅಹಮದಾಬಾದಿನ ಅಂತಿಮ ಪಂದ್ಯದ ಸೋಲನ್ನೂ ಉಂಡಿದ್ದರು. 2024ರ ಜೂನ್ 29ರಂದು ಅದೇ ವೆಸ್ಟ್ ಇಂಡೀಸಿನ ಬಾರ್ಬಡೋಸಿನಲ್ಲಿ ಭಾರತ ಏಳು ರನ್ನುಗಳಿಂದ ಗೆದ್ದಾಗ, ವಿರಾಟ್ ಕೊಹ್ಲಿ ಕಪ್ಪನ್ನು ಅವರ ಕೈಗಿತ್ತರು. ಸದಾ ಮೌನಿಯಾದ ಆ ಮನುಷ್ಯ ಕಪ್ಪನ್ನೆತ್ತಿ ಗರ್ಜಿಸಿದರು. ಪೇಟಿ ಮಾಸ್ತರರು ಒಂದು ಗಳಿಗೆ ರಂಗದ ನಡುವೆ ಬಂದು ನಿಂತಂತಾಯಿತು.

ಮಕ್ಕಳ ತಂಡವನ್ನು ಕಟ್ಟುವ ಶಿಕ್ಷಕರು ಯಾರಾದರೂ ಈ ಮಾತನ್ನು ಕೇಳುತ್ತಿದ್ದರೆ ನನ್ನದೊಂದು ಬಿನ್ನಹ. ಮುಂದಿನ ಪಂದ್ಯದಲ್ಲಿ ಬಿಂದಿಗೆಯನ್ನು ನೀವೇ ಹೊರಿರಿ. ಆ ಹನ್ನೆರಡನೆಯವನ ಅಂಗಿಗೂ ಒಂದಿಷ್ಟು ಕರಿಮಣ್ಣು ಹತ್ತಲಿ.